‘ಪಾಸ್’ ಎಂಬ ಪದವನ್ನು ಪಾಸು ಮಾಡುವ ಬಗೆ

ಕಳೆದ ಮಳೆಗಾಲದ ಒಂದು ಬೆಳಗ್ಗೆ, ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ವಾಟ್ಸಾಪಿಗೆ ಒಂದೇ ಗೆರೆಯ ಸಂದೇಶ ಬಂತು: ‘ಫಾದರ್ ಇನ್ ಲಾ ಪಾಸ್ಡ್ ದಿಸ್ ಮಾರ್ನಿಂಗ್.’ ಅವನ ಮಾವ ಮಗಳ ಮನೆಗೆ ಹೋದವರು ಅಲ್ಲಿಯೇ ಡ್ರೈವಿಂಗ್ ಲೈಸೆನ್ಸಿಗೆ ಹಟ ಹಿಡಿದಿದ್ದರು. ಎರಡು ಸಲ ಫೇಲಾದದ್ದನ್ನು ಇವನೇ ಫೋನಿನಲ್ಲಿ ನಗುತ್ತ ಹೇಳಿದ್ದ. ಅವತ್ತು ನಮ್ಮಲ್ಲಿ ಅಡಿಕೆಗೆ ಮದ್ದು ಬಿಡುವವರು ತೋಟಕ್ಕೆ ಇಳಿದಿದ್ದರು, ಮಳೆ ಒಂದು ಗಂಟೆ ಬಿಡುವು ಕೊಟ್ಟಿತ್ತು, ನನಗೆ ಗಡಿಬಿಡಿ. ‘ಕಂಗ್ರಾಜುಲೇಶನ್ಸ್! ಪಾಯಸ ಯಾವಾಗ?’ ಎಂದು ಬರೆದು ಕಳಿಸಿ ತೋಟಕ್ಕೆ ಹೋದೆ.

ಅರ್ಧ ಗಂಟೆ ಬಿಟ್ಟು ಅವನೇ ಫೋನು ಮಾಡಿದ. ಸಿಟ್ಟು ಮಾಡಲಿಲ್ಲ. ‘ಮಾಷ್ಟ್ರೇ, ಮಾವ ತೀರಿಕೊಂಡ್ರು’ ಎಂದ ಅಷ್ಟೆ.

ಮೂವತ್ತು ವರ್ಷ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟವನು ನಾನು. ‘ಪಾಸ್ ಅವೇ ಅಂದರೆ ಸಾಯುವುದು’ ಎಂದು ಬೋರ್ಡಿನಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅಮೆರಿಕದವರು ಆ ‘ಅವೇ’ಯನ್ನು ಬಿಟ್ಟು ಬರೀ ‘ಪಾಸ್ಡ್’ ಎಂದೂ ಹೇಳುತ್ತಾರೆ ಎಂಬುದನ್ನು ಓದಿಯೂ ಇದ್ದೆ. ಆದರೂ ಎಡವಿದೆ. ಗೊತ್ತಿಲ್ಲದ ಪದ ಬಂದರೆ ನಾವು ನಿಘಂಟು ತೆಗೆಯುತ್ತೇವೆ. ‘ಪಾಸ್’ ಎಂಬುದಕ್ಕೆ ಯಾರು ನಿಘಂಟು ತೆಗೆಯುತ್ತಾರೆ ಮಾರಾಯ್ರೆ? ಶಾಲೆಯ ಮೆಟ್ಟಿಲು ಹತ್ತದ ನನ್ನ ಅಜ್ಜಿಯೇ ‘ಮಾಣಿ ಪಾಸಾದ’ ಎನ್ನುತ್ತಿದ್ದಳು. ನಮ್ಮ ಮನೆಯದೇ ಆಗಿಬಿಟ್ಟ ಇಂಗ್ಲಿಷ್ ಪದ ಇಂಗ್ಲಿಷಿನವರ ಮನೆಯಲ್ಲಿ ಬೇರೆ ಕೆಲಸ ಮಾಡುತ್ತಿರುತ್ತದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಅದಕ್ಕೇ ಈ ಲೇಖನ. ಹತ್ತನೆಯ ಕ್ಲಾಸಿನವರಿಗೂ ಆದೀತು, ಗಲ್ಫಿಗೆ ಅರ್ಜಿ ಹಾಕುವವರಿಗೂ ಆದೀತು.

ಮೊದಲ ಹೆಜ್ಜೆ: ಹೆಜ್ಜೆಯನ್ನೇ ಹಿಡಿಯಿರಿ

ಯಾವುದಾದರೂ ದೊಡ್ಡ ನಿಘಂಟು ಬಿಡಿಸಿ ನೋಡಿ, ‘ಪಾಸ್’ ಪದಕ್ಕೆ ಪುಟಗಟ್ಟಲೆ ಅರ್ಥಗಳು. ಅವನ್ನು ಬಾಯಿಪಾಠ ಮಾಡಲು ಹೋಗಬೇಡಿ, ನಾಳೆಗೆ ಮರೆತುಹೋಗುತ್ತದೆ. ಬುಡ ಒಂದೇ. ಲ್ಯಾಟಿನಿನಲ್ಲಿ ‘ಪಸ್ಸುಸ್’ ಎಂದರೆ ಹೆಜ್ಜೆ. ಅದು ಫ್ರೆಂಚಿನಲ್ಲಿ ‘ಹೆಜ್ಜೆಯಿಟ್ಟು ದಾಟು’ ಎಂಬ ಕ್ರಿಯಾಪದವಾಗಿ ಇಂಗ್ಲಿಷಿಗೆ ಬಂತು. ರೋಮನರ ‘ಪಸ್ಸುಸ್’ ಎಂದರೆ ಎರಡು ಹೆಜ್ಜೆ ಸೇರಿದ ಒಂದು ಅಳತೆ: ಎಡಗಾಲು ಎತ್ತಿದಲ್ಲಿಂದ ಅದೇ ಎಡಗಾಲು ಮತ್ತೆ ಊರುವ ತನಕ, ಸುಮಾರು ಒಂದೂವರೆ ಮೀಟರು. ಅಂಥ ಸಾವಿರ ಪಸ್ಸುಸ್ ಸೇರಿದರೆ ‘ಮಿಲ್ಲೆ ಪಸ್ಸುಸ್’. ನಮ್ಮ ಮೈಲಿ, ಮೈಲುಗಲ್ಲು ಎಲ್ಲ ಅಲ್ಲಿಂದ ಬಂದವು.

ಈ ‘ದಾಟು’ ಎಂಬ ಒಂದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು. ನಮ್ಮಲ್ಲಿಯೂ ಇದೇ ಕಲ್ಪನೆ ಬೇರೆ ದಾರಿಯಿಂದ ಬಂದಿದೆ. ಅಂಕಪಟ್ಟಿಯಲ್ಲಿ ‘ಉತ್ತೀರ್ಣ’ ಎಂದು ಓದುತ್ತೇವಲ್ಲ, ಆ ಸಂಸ್ಕೃತ ಪದದ ಅರ್ಥವೇ ದಾಟಿ ದಡ ಸೇರಿದವನು ಎಂದು. ಚಂದ್ರಗಿರಿ ಹೊಳೆಯ ಕಡವಿನಲ್ಲಿ ದೋಣಿ ಹತ್ತಿ ಆಚೆ ಇಳಿದವನೂ ಉತ್ತೀರ್ಣನೇ. ಆದರೆ ಮಲಯಾಳದಲ್ಲಿ ನೋಡಿ, ಪರೀಕ್ಷೆಗೆ ಅವರು ದಾಟುವುದಿಲ್ಲ, ಯುದ್ಧ ಮಾಡುತ್ತಾರೆ. ಪಾಸಾದರೆ ‘ಜಯಿಚ್ಚು’, ಫೇಲಾದರೆ ‘ತೋಟ್ಟು’. ಗೆದ್ದ, ಸೋತ. ಒಂದೇ ಶಾಲೆಯ ಒಂದೇ ಅಂಗಳದಲ್ಲಿ ಫಲಿತಾಂಶದ ದಿನ ಕನ್ನಡ ಡಿವಿಜನಿನ ಮಕ್ಕಳು ಪಾಸಾಗುತ್ತಾರೆ, ಮಲಯಾಳ ಡಿವಿಜನಿನ ಮಕ್ಕಳು ಜಯಿಸುತ್ತಾರೆ. ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ 2005ರಿಂದ ಗ್ರೇಡ್ ಬಂದ ಮೇಲಂತೂ ಸರ್ಟಿಫಿಕೇಟಿನಲ್ಲಿ ‘ಉನ್ನತ ವ್ಯಾಸಂಗಕ್ಕೆ ಅರ್ಹ’ ಎಂಬರ್ಥದ ಮಾತು ಬರುತ್ತದೆ. ಮನೆಗೆ ಬಂದು ಮಾತ್ರ ಯಾರೂ ‘ಅಮ್ಮಾ, ನಾನು ಅರ್ಹನಾದೆ’ ಎನ್ನುವುದಿಲ್ಲ. ಪಾಸೇ.

ಇಲ್ಲಿ ಒಂದು ಎಚ್ಚರಿಕೆ. ಈಗಷ್ಟೇ ನಾನು ‘ಬದಿಯಡ್ಕದ ಆಸುಪಾಸು’ ಎಂದೆನಲ್ಲ, ಆ ಪಾಸು ಇಂಗ್ಲಿಷಿನದಲ್ಲ. ಸಂಸ್ಕೃತದ ‘ಪಾರ್ಶ್ವ’ ಸವೆದು ಸವೆದು ಉತ್ತರದ ಭಾಷೆಗಳಲ್ಲಿ ‘ಪಾಸ್’ ಆಗಿ ನಮ್ಮಲ್ಲಿಗೆ ಇಳಿದದ್ದು. ಪಕ್ಕ ಎಂದರ್ಥ. ಕ್ಲಾಸಿನಲ್ಲಿ ಇದನ್ನು ಕೇಳುವ ಒಬ್ಬ ಹುಡುಗ ಪ್ರತಿ ವರ್ಷ ಇದ್ದೇ ಇರುತ್ತಾನೆ.

ಎರಡನೆಯದು: ಯಾರು ದಾಟಿದ್ದು, ಏನನ್ನು ದಾಟಿದ್ದು?

ವಾಕ್ಯದಲ್ಲಿ ‘ಪಾಸ್’ ಸಿಕ್ಕಿದ ಕೂಡಲೇ ಎರಡು ಪ್ರಶ್ನೆ ಹಾಕಿಕೊಳ್ಳಿ. ದಾಟುತ್ತಿರುವುದು ಯಾರು ಅಥವಾ ಯಾವುದು? ಯಾವುದನ್ನು ದಾಟುತ್ತಿದೆ? ಉತ್ತರ ಸಿಕ್ಕಿದರೆ ಅರ್ಥ ತಾನಾಗಿ ಬರುತ್ತದೆ.

ಕುಂಬಳೆ ಸ್ಟೇಶನಿನಲ್ಲಿ ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ನಿಮ್ಮ ಲೋಕಲ್ ಗಾಡಿ ಬರುವ ಮೊದಲು ರಾಜಧಾನಿ ಎಕ್ಸ್‌ಪ್ರೆಸ್ ಧೂಳೆಬ್ಬಿಸಿಕೊಂಡು ನಿಲ್ಲದೆ ಹೋಗುತ್ತದೆ. ಗಾಡಿ ಸ್ಟೇಶನನ್ನು ದಾಟಿತು: ‘ದ ಟ್ರೈನ್ ಪಾಸ್ಡ್ ಥ್ರೂ ಕುಂಬಳೆ.’ ಇದು ಎಲ್ಲಕ್ಕಿಂತ ಸರಳವಾದ ಬಳಕೆ. ನಿಲ್ಲಲಿಲ್ಲ ಎಂಬ ಸೂಚನೆಯೂ ಸಾಮಾನ್ಯವಾಗಿ ಅದರೊಳಗೇ ಇರುತ್ತದೆ.

ಹೊತ್ತು ದಾಟುವುದು ಇನ್ನೊಂದು. ‘ಟೂ ಅವರ್ಸ್ ಪಾಸ್ಡ್’ ಎಂದರೆ ಎರಡು ಗಂಟೆ ಕಳೆಯಿತು. ಇಲ್ಲಿ ನಮಗೆ ಕಷ್ಟವೇ ಇಲ್ಲ. ಹವ್ಯಕರಲ್ಲಿ ‘ಹೊತ್ತು ಹೋವುತ್ತಿಲ್ಲೆ’, ತುಳುವಿನಲ್ಲಿ ‘ಪೊರ್ತು ಪೋಪುಜ್ಜಿ’, ಮಲಯಾಳದಲ್ಲಿ ತಮಾಷೆಗೇ ‘ನೇರಂಪೋಕ್ಕ್’ ಎಂದು ಹೆಸರು. ಎಲ್ಲ ಭಾಷೆಯಲ್ಲೂ ಹೊತ್ತು ಎದ್ದು ನಡೆಯುತ್ತದೆ. ನಮ್ಮ ‘ಟೈಂಪಾಸ್’ ಎಂಬುದು ಭಾರತದಲ್ಲೇ ಹುಟ್ಟಿದ ಇಂಗ್ಲಿಷ್ ಎಂದು ಹಲವರು ಮೂಗು ಮುರಿಯುತ್ತಾರೆ. ಆದರೆ ಇಂಗ್ಲಿಷರ ‘ಪಾಸ್‌ಟೈಮ್’ ಕೂಡ ಅದೇ ಎರಡು ಪದಗಳು, ಹಿಂದುಮುಂದಾಗಿ ಕೂತಿವೆ. ಅವರೂ ಅದನ್ನು ಫ್ರೆಂಚಿನಿಂದ ನಕಲು ಹೊಡೆದದ್ದು. ಬರೆಯುವಾಗ ಅಲ್ಲಿ ಒಂದೇ ‘ಎಸ್’. ಹವ್ಯಾಸ ಎಂಬ ಅರ್ಥಕ್ಕೆ ಅರ್ಜಿಯಲ್ಲಿ ಬರೆಯುವುದಾದರೆ ‘ಪಾಸ್‌ಟೈಮ್’ ಬರೆಯಿರಿ, ರೈಲಿನಲ್ಲಿ ಕಡಲೆ ಕೊಳ್ಳುವಾಗ ‘ಟೈಂಪಾಸ್’ ಧಾರಾಳವಾಗಿ ಹೇಳಿ.

ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ವಸ್ತು ದಾಟುವುದೂ ‘ಪಾಸ್’. ಫುಟ್‌ಬಾಲಿನಲ್ಲಿ ಇದು ಎಳೆಯ ಮಕ್ಕಳಿಗೂ ಗೊತ್ತು. ಗದ್ದೆ ಕೊಯ್ದ ಮೇಲೆ ನಡೆಯುವ, ತಂಡಕ್ಕೆ ಏಳು ಜನರ ಸೆವೆನ್ಸ್ ಆಟದಲ್ಲಿ ‘ಪಾಸ್ ಪಾಸ್’ ಎಂಬ ಕೂಗು ಅರ್ಧ ಮೈಲಿಗೆ ಕೇಳುತ್ತದೆ. ಆದರೆ ಊಟದ ಮೇಜಿನ ‘ಕುಡ್ ಯು ಪಾಸ್ ದ ಸಾಲ್ಟ್?’ ಎಂಬುದು ನಮ್ಮವರಿಗೆ ಕಾಲು ಶತಮಾನ ಇಂಗ್ಲಿಷ್ ಕಲಿತರೂ ನಾಲಗೆಗೆ ಬರುವುದಿಲ್ಲ. ಕಾರಣ ವ್ಯಾಕರಣದ್ದಲ್ಲ. ಪಂಕ್ತಿಯಲ್ಲಿ ಬಾಳೆಲೆಯ ಮುಂದೆ ಕೂತವನ ಬಲಗೈ ಎಂಜಲು, ಎಡಗೈ ಸಲ್ಲದು. ಪಕ್ಕದವನಿಂದ ಉಪ್ಪು ದಾಟಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಬಡಿಸುವವರು ಬರುವ ತನಕ ಕಾಯಬೇಕು, ಇಲ್ಲವೇ ‘ಸಾರು ಇಲ್ಲಿಗೆ!’ ಎಂದು ಕೂಗಬೇಕು. ಹಾಗಾಗಿ ಈ ವಾಕ್ಯವನ್ನು ಅನುವಾದಿಸಲು ಹೋಗದೆ ಇಡಿಯಾಗಿ ನುಂಗಿಬಿಡಿ. ಅದು ಪ್ರಶ್ನೆಯ ವೇಷದಲ್ಲಿದ್ದರೂ ಪ್ರಶ್ನೆಯಲ್ಲ. ‘ಯೆಸ್, ಐ ಕುಡ್’ ಎಂದು ಉತ್ತರ ಕೊಟ್ಟು ಸುಮ್ಮನೆ ಕೂರಬಾರದು, ಉಪ್ಪಿನ ಡಬ್ಬಿ ಎತ್ತಿ ಕೊಡಬೇಕು.

ಆಸ್ತಿ ದಾಟುವುದನ್ನು ನಮ್ಮ ಜಿಲ್ಲೆಯವರಷ್ಟು ಬೇಗ ಯಾರೂ ಅರ್ಥಮಾಡಿಕೊಳ್ಳಲಾರರು. ವಿಲ್ಲೇಜ್ ಆಫೀಸಿಗೆ ಅಲೆದವರಿಗೆಲ್ಲ ‘ಪೋಕ್ಕುವರವು’ ಗೊತ್ತು. ಜಾಗ ಒಬ್ಬನ ಹೆಸರಿನಿಂದ ಹೋಗಿ ಇನ್ನೊಬ್ಬನ ಹೆಸರಿಗೆ ಬರುವುದು. ಆ ಮಲಯಾಳ ಪದದಲ್ಲಿ ಹೋಗುವುದೂ ಬರುವುದೂ ಎರಡೂ ಉಂಟು. ಇಂಗ್ಲಿಷಿನವರಿಗೆ ಹೋಗುವುದು ಮಾತ್ರ ಸಾಕು: ‘ದ ಲ್ಯಾಂಡ್ ಪಾಸ್ಡ್ ಟು ಹಿಸ್ ಡಾಟರ್.’ ಜಾಗ ಮಗಳ ಪಾಲಿಗೆ ಹೋಯಿತು. ದಸ್ತಾವೇಜಿನ ಇಂಗ್ಲಿಷಿನಲ್ಲಿ ಈ ‘ಪಾಸ್’ ಬಂದರೆ ಪರೀಕ್ಷೆಯನ್ನು ನೆನೆಸಿಕೊಳ್ಳಬೇಡಿ.

ಇನ್ನು ಮಸೂದೆ. ಮಸೂದೆ ಸಭೆಯನ್ನು ದಾಟುತ್ತದೆ, ಅಷ್ಟೆ. ದಾಟಿದ ತಕ್ಷಣ ಕಾನೂನಾಗುವುದಿಲ್ಲ. 2015ರ ಡಿಸೆಂಬರಿನಲ್ಲಿ ಕೇರಳ ವಿಧಾನಸಭೆಯಲ್ಲಿ ಮಲಯಾಳ ಭಾಷಾ ಮಸೂದೆ ಪಾಸಾದಾಗ ನಮ್ಮ ಕಡೆಯ ಎಷ್ಟೋ ಜನ ನಾಳೆಯಿಂದಲೇ ಎಲ್ಲ ಮಲಯಾಳದಲ್ಲಿ ಎಂದು ದಿಗಿಲುಬಿದ್ದಿದ್ದರು. ಸಭೆ ದಾಟಿದ ಮಸೂದೆಗೆ ರಾಜ್ಯಪಾಲರ ಅಂಕಿತ ಬೇಕು. ಅವರು ರಾಷ್ಟ್ರಪತಿಗೆ ಕಾದಿರಿಸಿದರೆ ರಾಷ್ಟ್ರಪತಿಯ ಅಂಕಿತ ಬೇಕು. ಆ ಮಸೂದೆ ರಾಷ್ಟ್ರಪತಿಯ ವರೆಗೆ ಹೋಯಿತು, ಅಂಕಿತ ಬೀಳಲಿಲ್ಲ. ಹಾಗಾಗಿ ಪೇಪರಿನಲ್ಲಿ ‘ಬಿಲ್ ಪಾಸ್ಡ್’ ಎಂದು ಓದಿದರೆ ಒಂದು ಗೇಟು ದಾಟಿತು ಎಂದು ತಿಳಿಯಿರಿ, ಮನೆಯೊಳಗೆ ಬಂತು ಎಂದಲ್ಲ.

ಮೂರನೆಯದು: ಬಾಲ ನೋಡಿ

‘ಪಾಸ್’ ಪದದ ಹಿಂದೆ ಅಂಟಿಕೊಂಡು ಬರುವ ಸಣ್ಣ ಪದಗಳೇ ನಿಜವಾದ ಉಪದ್ರ. ನಾಯಿ ಒಳ್ಳೆಯದೋ ಕಚ್ಚುತ್ತದೋ ಎಂದು ಬಾಲ ನೋಡಿ ಹೇಳುತ್ತೇವಲ್ಲ, ಹಾಗೆ.

‘ಪಾಸ್ ಔಟ್’ ಇವುಗಳಲ್ಲಿ ನಮ್ಮವರ ಮರ್ಯಾದೆಯನ್ನು ಅತಿ ಹೆಚ್ಚು ತೆಗೆದದ್ದು. ಪಕ್ಕದ ಮನೆಯ ಹುಡುಗ ದುಬಾಯಿಗೆ ಕಳಿಸುವ ಬಯೋಡಾಟ ತಂದು ತೋರಿಸಿದ. ಎರಡನೆಯ ಗೆರೆಯಲ್ಲೇ ‘ಐ ಪಾಸ್ಡ್ ಔಟ್ ಇನ್ 2019’. ನಮ್ಮ ದೇಶದಲ್ಲಿ ಇದಕ್ಕೆ ಕಾಲೇಜು ಮುಗಿಸಿದೆ ಎಂದು ಅರ್ಥ. ದೇಶ ದಾಟಿದರೆ ‘2019ರಲ್ಲಿ ನಾನು ಪ್ರಜ್ಞೆ ತಪ್ಪಿ ಬಿದ್ದೆ’. ಕುಡಿದು ಬಿದ್ದೆ ಎಂಬ ಗುಮಾನಿಯೂ ಅದರಲ್ಲಿ ಉಂಟು. ಅವನಿಗೆ ಹೇಳಿದೆ, ಡಿಗ್ರಿಗೆ ‘ಐ ಗ್ರ್ಯಾಜುಯೇಟೆಡ್ ಇನ್ 2019’ ಎಂದು ಬರೆ, ಪ್ಲಸ್ ಟುವಿಗೆ ‘ಐ ಕಂಪ್ಲೀಟೆಡ್ ಪ್ಲಸ್ ಟು’ ಎಂದು ಬರೆ, ‘ಔಟ್’ ಅನ್ನು ತೋಡಿಗೆ ಎಸೆ. ಅವನು ಬಿಡಲಿಲ್ಲ: ‘ಮತ್ತೆ ಏಳಿಮಲೆಯಲ್ಲಿ ಪಾಸಿಂಗ್ ಔಟ್ ಪರೇಡ್ ಅಂತ ಪೇಪರಿನಲ್ಲಿ ಬರ್ತದಲ್ಲ, ಅವರೆಲ್ಲ ಪ್ರಜ್ಞೆ ತಪ್ಪಿ ಬೀಳುದಾ?’ ಪ್ರಶ್ನೆ ಸರಿ. ಪಯ್ಯನ್ನೂರಿನ ಪಕ್ಕ 2009ರಲ್ಲಿ ಉದ್ಘಾಟನೆಯಾದ ಭಾರತೀಯ ನೌಕಾ ಅಕಾಡೆಮಿಯಲ್ಲಿ ತರಬೇತಿ ಮುಗಿಸಿದವರು ಸಾಲಾಗಿ ಹೆಜ್ಜೆ ಹಾಕುತ್ತ ಹೊರಗೆ ಹೋಗುವುದಕ್ಕೆ ಅದೇ ಹೆಸರು. ಸೈನ್ಯದ ಮಟ್ಟಿಗೆ ಇಂಗ್ಲೆಂಡಿನಲ್ಲೂ ಅದು ಸರಿ. ಅವರು ನಿಜವಾಗಿಯೇ ಹೆಜ್ಜೆ ಹಾಕಿ ಹೊರಹೋಗುತ್ತಾರೆ. ಇವನು ಕಾಲೇಜಿನಿಂದ ಬಸ್ಸಿನಲ್ಲಿ ಬಂದವನು.

‘ಪಾಸ್ ಆನ್’ ಮೂರು ಮುಖದ್ದು. ‘ಪ್ಲೀಸ್ ಪಾಸ್ ಆನ್ ದ ಮೆಸೇಜ್’ ಎಂದರೆ ಸಂದೇಶವನ್ನು ಮುಂದಕ್ಕೆ ತಿಳಿಸಿ. ‘ಹೀ ಪಾಸ್ಡ್ ಆನ್’ ಎಂದು ಅಲ್ಲಿಗೇ ನಿಂತರೆ ತೀರಿಕೊಂಡರು. ಇನ್ನು ‘ಐ ವಿಲ್ ಪಾಸ್ ಆನ್ ದ ಟೀ’ ಎಂದರೆ ಚಹಾ ದಾಟಿಸುತ್ತೇನೆ ಎಂದೂ ಆಗಬಹುದು, ನನಗೆ ಚಹಾ ಬೇಡ ಎಂದೂ ಆಗಬಹುದು. ಮಾತನಾಡುವ ಮುಖ ನೋಡಿ ತಿಳಿಯಬೇಕು. ಬೇಡ ಎನ್ನುವ ಈ ‘ಪಾಸ್’ ಇಸ್ಪೀಟು ಆಡುವವರಿಗೆ ಚೆನ್ನಾಗಿ ಗೊತ್ತು. ಜೆಂಬ್ರದ, ಎಂದರೆ ಮನೆಯ ಸಮಾರಂಭದ, ಮುನ್ನಾದಿನ ತರಕಾರಿ ಹೆಚ್ಚಿ ಮುಗಿದ ಮೇಲೆ ಚಾಪೆ ಹಾಸಿ ‘ಇಪ್ಪತ್ತೆಂಟು’ ಎಂಬ ಇಸ್ಪೀಟಾಟ ಆಡಲು ಕೂರುತ್ತಾರಲ್ಲ, ಹದಿನಾಲ್ಕರಿಂದ ಕೂಗು ಶುರು. ಕೈಯಲ್ಲಿ ಗುಲಾಮನೂ ಇಲ್ಲ ಒಂಬತ್ತೂ ಇಲ್ಲ ಎಂದಾದಾಗ ಮೋರೆ ಸಣ್ಣ ಮಾಡಿ ‘ಪಾಸ್’ ಎನ್ನುತ್ತಾರೆ. ನನ್ನ ಸರದಿಯನ್ನು ದಾಟಿ ಮುಂದೆ ಹೋಗಿ ಎಂದು. ಇಂಗ್ಲಿಷಿನಲ್ಲಿ ಯಾರಾದರೂ ಸಿನೆಮಾಕ್ಕೆ ಕರೆದಾಗ ‘ಐ ವಿಲ್ ಪಾಸ್’ ಎಂದರೆ ಬರುತ್ತೇನೆ ಎಂದಲ್ಲ, ನನ್ನನ್ನು ಬಿಟ್ಟುಬಿಡಿ ಎಂದು.

‘ಪಾಸ್ ಫಾರ್’ ನನಗೆ ಬಹಳ ಇಷ್ಟದ್ದು. ಮತ್ತೊಬ್ಬರು ಎಂದು ಜನ ತಿಳಿಯುವಂತೆ ಇರುವುದು. ತಿರುವನಂತಪುರದ ಕಚೇರಿಯಲ್ಲಿ ನಮ್ಮ ಕಡೆಯ ಹುಡುಗಿ ತೊಡರದೆ ಮಲಯಾಳ ಮಾತನಾಡಿದರೆ ‘ಶಿ ಪಾಸಸ್ ಫಾರ್ ಎ ಮಲಯಾಳಿ’. ಅದೇ ಹುಡುಗಿ ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ತುಳುವರವಳು. ಮನೆಗೆ ಬಂದು ಅಮ್ಮನ ಹತ್ತಿರ ಮಾತ್ರ ಕನ್ನಡ. ನಮ್ಮಲ್ಲಿ ಹೆಚ್ಚಿನವರು ದಿನಕ್ಕೆ ಮೂರು ಸಲ ಹೀಗೆ ದಾಟುತ್ತೇವೆ, ಅದಕ್ಕೆ ಕನ್ನಡದಲ್ಲಿ ಒಂದು ಸಣ್ಣ ಪದ ಇಲ್ಲದಿರುವುದೇ ಆಶ್ಚರ್ಯ. ಇದರ ಕೆಟ್ಟ ತಮ್ಮ ‘ಪಾಸ್ ಆಫ್ ಆ್ಯಸ್’: ಒಂದನ್ನು ಇನ್ನೊಂದೆಂದು ಸಾಗಹಾಕುವುದು. ಹೊರದೇಶದ ಅಗ್ಗದ ಅಡಿಕೆಯನ್ನು ಊರಿನ ಅಡಿಕೆಯೊಂದಿಗೆ ಬೆರಸಿ ಮಾರುತ್ತಾರಲ್ಲ, ಅದಕ್ಕೆ ಈ ಮಾತು ಅಚ್ಚು ಹಾಕಿದಂತೆ ಕೂರುತ್ತದೆ. ಮೊದಲನೆಯದರಲ್ಲಿ ಮೋಸ ಇರಲೇಬೇಕೆಂದಿಲ್ಲ, ಎರಡನೆಯದರಲ್ಲಿ ಇದ್ದೇ ಇದೆ.

ಉಳಿದವು ಬೇಗ ಮುಗಿಯುತ್ತವೆ. ‘ಪಾಸ್ ಬೈ’ ಪಕ್ಕದಿಂದ ಹಾದುಹೋಗುವುದು, ‘ಪಾಸ್ ಥ್ರೂ’ ಒಳಗಿನಿಂದ ಹಾದುಹೋಗುವುದು. ‘ಡಸ್ ದಿಸ್ ಬಸ್ ಪಾಸ್ ಥ್ರೂ ಚೆರ್ಕಳ?’ ಎಂದು ಕೇಳಿ. ‘ಪಾಸ್ ಅಪ್’ ಎಂದರೆ ಸಿಕ್ಕಿದ ಅವಕಾಶವನ್ನು ಕೈಬಿಡುವುದು. ‘ಪಾಸ್ ಡೌನ್’ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವುದು. ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನದ ಪದಗಳು ಭಾಗವತರ ಬಾಯಿಂದ ಬಾಯಿಗೆ ಬಂದ ಹಾಗೆ. ‘ಪಾಸ್ ಅವೇ’ ಬಗ್ಗೆ ನಾನು ಇನ್ನು ಮಾತನಾಡುವುದಿಲ್ಲ.

ಒಂದನ್ನು ಮಾತ್ರ ಕಿವಿಹಿಂಡಿ ಹೇಳಬೇಕು. ಫುಟ್‌ಬಾಲಿನಲ್ಲಿ ‘ಹೀ ಮೇಡ್ ಎ ಗುಡ್ ಪಾಸ್’ ಎಂದರೆ ಹೊಗಳಿಕೆ. ‘ಹೀ ಮೇಡ್ ಎ ಪಾಸ್ ಎಟ್ ಹರ್’ ಎಂದರೆ ಅವಳ ಮೇಲೆ ಕಣ್ಣುಹಾಕಿ ಸರಸಕ್ಕೆ ಹೋದ ಎಂದು. ಚೆಂಡನ್ನು ಕೊಟ್ಟ ಎಂದು ಹೇಳಲು ಹೋಗಿ ‘ಎಟ್’ ಸೇರಿಸಿ ಯಾರದ್ದಾದರೂ ಮಾನ ಕಳೆಯಬೇಡಿ.

ನಾಲ್ಕನೆಯದು: ನಮ್ಮ ಪಾಸನ್ನು ಅವರಿಗೆ ಕೊಡಬೇಡಿ

ಕಾಸರಗೋಡಿನಲ್ಲಿ ಸಾಲ ಪಾಸಾಗುತ್ತದೆ, ಮನೆಯ ಪ್ಲಾನು ಪಾಸಾಗುತ್ತದೆ, ರಜೆ ಪಾಸಾಗುತ್ತದೆ, ಚೆಕ್ಕು ಪಾಸಾಗುತ್ತದೆ, ಕಂಟ್ರಾಕ್ಟರನ ಬಿಲ್ಲು ಪಂಚಾಯತಿನಲ್ಲಿ ಪಾಸಾಗುತ್ತದೆ ಅಥವಾ ಆಗದೆ ಅವನ ಬಿ.ಪಿ. ಏರುತ್ತದೆ. ಮೇಲಿನವರು ಒಪ್ಪಿದರು ಎಂಬುದಕ್ಕೆಲ್ಲ ನಮಗೆ ಪಾಸು ಒಂದೇ. ಇಂಗ್ಲಿಷಿನವರು ಇಲ್ಲಿ ಜಿಪುಣರಲ್ಲ, ಒಂದೊಂದಕ್ಕೆ ಒಂದೊಂದು ಪದ ಇಟ್ಟಿದ್ದಾರೆ. ಸಾಲ ‘ಸ್ಯಾಂಕ್ಷನ್’ ಅಥವಾ ‘ಅಪ್ರೂವ್’ ಆಗುತ್ತದೆ, ಪ್ಲಾನು ‘ಅಪ್ರೂವ್’ ಆಗುತ್ತದೆ, ರಜೆ ‘ಗ್ರ್ಯಾಂಟ್’ ಆಗುತ್ತದೆ, ಚೆಕ್ಕು ‘ಕ್ಲಿಯರ್’ ಆಗುತ್ತದೆ. ಬ್ಯಾಂಕಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವಾಗ ‘ಮೈ ಲೋನ್ ಈಸ್ ನಾಟ್ ಪಾಸ್ಡ್’ ಎಂದರೆ ಮ್ಯಾನೇಜರಿಗೆ ಅರ್ಥವಾಗುತ್ತದೆ, ಯಾಕೆಂದರೆ ಅವರೂ ನಮ್ಮವರೇ. ಹೊರಗಿನವರಿಗೆ ಆಗದು.

ಪರೀಕ್ಷೆಯಲ್ಲೂ ಒಂದು ಕನ್ನಡದ ಮುಳ್ಳು ಉಂಟು. ‘ಪರೀಕ್ಷೆಯಲ್ಲಿ ಪಾಸಾದೆ’ ಎಂಬುದರ ‘ಅಲ್ಲಿ’ ಬಾಲ ಹಿಡಿದುಕೊಂಡು ‘ಐ ಪಾಸ್ಡ್ ಇನ್ ದ ಎಗ್ಸಾಮ್’ ಎಂದು ಬರುತ್ತದೆ. ಹೊಳೆಯನ್ನು ದಾಟುತ್ತೇವೆ, ಹೊಳೆಯಲ್ಲಿ ದಾಟುವುದಿಲ್ಲ. ‘ಐ ಪಾಸ್ಡ್ ದ ಎಗ್ಸಾಮ್’, ಅಷ್ಟೇ ಸಾಕು. ಹಾಗೆಯೇ ‘ಪಾಸ್ ಎ ಸ್ಮೈಲ್’ ಬೇಡ, ಬರೀ ‘ಸ್ಮೈಲ್’ ಸಾಕು. ಬಸ್ಸ್ಟ್ಯಾಂಡಿನಲ್ಲಿ ಪೋಕರಿಗಳು ‘ಕಮೆಂಟ್ ಪಾಸ್’ ಮಾಡುವುದೂ ಹೆಚ್ಚಾಗಿ ನಮ್ಮಲ್ಲಿಯದೇ.

ಆಸ್ಪತ್ರೆಯಲ್ಲಿ ಇನ್ನೊಂದು ಸ್ವಾರಸ್ಯ ನೋಡಿದೆ. ರೋಗಿಯ ಜೊತೆ ನಿಲ್ಲುವವರಿಗೆ ನಮ್ಮ ಜಿಲ್ಲೆಯಲ್ಲಿ ‘ಬೈಸ್ಟ್ಯಾಂಡರ್’ ಎಂದು ಹೆಸರು, ಅವರಿಗೆ ಕುತ್ತಿಗೆಗೆ ನೇತುಹಾಕಿಕೊಳ್ಳಲು ಒಂದು ಪಾಸು. ಇಂಗ್ಲಿಷಿನಲ್ಲಿ ಬೈಸ್ಟ್ಯಾಂಡರ್ ಎಂದರೆ ರಸ್ತೆಯಲ್ಲಿ ಅಪಘಾತವಾದಾಗ ಸುಮ್ಮನೆ ನಿಂತು ನೋಡುವವನು. ರಾತ್ರಿಯಿಡೀ ಅಪ್ಪನ ಹಾಸಿಗೆಯ ಪಕ್ಕ ಕಣ್ಣು ಮುಚ್ಚದೆ ಕೂತವನ ಕುತ್ತಿಗೆಯಲ್ಲಿ ಆ ಹಣೆಪಟ್ಟಿ! ನಿಲ್ಲದೆ ಹಾದುಹೋಗುವವನು ‘ಪಾಸರ್-ಬೈ’, ದಾರಿಹೋಕ. ಬಹುವಚನದಲ್ಲಿ ‘ಎಸ್’ ನಡುವೆ ಸೇರುತ್ತದೆ: ‘ಪಾಸರ್ಸ್-ಬೈ’. ಪಿ.ಎಸ್.ಸಿ. ಪರೀಕ್ಷೆಗೆ ಓದುವವರು ಇದನ್ನು ಗುರುತು ಹಾಕಿಕೊಳ್ಳಿ.

ಕೈಯಲ್ಲಿ ಹಿಡಿಯುವ ಪಾಸು

ದಾಟಲು ಕೊಡುವ ಅನುಮತಿಯ ಚೀಟಿಯೂ ಪಾಸೇ. ಮಕ್ಕಳ ಬಸ್ ಪಾಸಿನ ಬಗ್ಗೆ, ಅದನ್ನು ನೋಡಿದಾಗ ಕಂಡಕ್ಟರನ ಮೋರೆ ಆಗುವ ಬಗೆಯ ಬಗ್ಗೆ ಹೇಳಬೇಕಾದ್ದಿಲ್ಲ. ಆದರೆ ದಿನಾ ಮಂಗಳೂರಿಗೆ ರೈಲಿನಲ್ಲಿ ಹೋಗುವವರ ತಿಂಗಳ ಟಿಕೆಟಿಗೆ ನಮ್ಮಲ್ಲಿ ‘ಸೀಸನ್’ ಎಂದೇ ಹೆಸರು.

ಈ ಪಾಸಿನ ತೂಕ ನಮಗೆ ಗೊತ್ತಾದದ್ದು 2020ರಲ್ಲಿ. ಮಾರ್ಚಿನ ಕೊನೆಗೆ ಕೋವಿಡ್ ಹೆದರಿಕೆಯಿಂದ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಗಡಿಯ ತಲಪಾಡಿಯ ಆಚೆಗಿನ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಮಂಜೇಶ್ವರದವರು ಈಚೆ ಉಳಿದರು. ಆಮೇಲೆ ಓಡಾಟ ಶುರುವಾದಾಗ ‘ಕೋವಿಡ್ ಜಾಗ್ರತಾ’ ಪೋರ್ಟಲಿನಲ್ಲಿ ಹೆಸರು ಹಾಕಬೇಕು, ಪಾಸು ಬರಬೇಕು, ಅದನ್ನು ಮೊಬೈಲಿನಲ್ಲಿ ತೋರಿಸಬೇಕು. ‘ಪಾಸ್ ಇಲ್ಲದೆ ಪಾಸಾಗ್ಲಿಕ್ಕಿಲ್ಲ’ ಎಂದು ತಲಪಾಡಿಯಲ್ಲಿ ಪೊಲೀಸರೊಬ್ಬರು ಹೇಳಿದ್ದು ನನ್ನ ಕಿವಿಯಲ್ಲೇ ಉಂಟು. ನಾಮಪದ, ಕ್ರಿಯಾಪದ ಎರಡನ್ನೂ ಒಂದೇ ಗೆರೆಯಲ್ಲಿ ಅಷ್ಟು ಚೊಕ್ಕವಾಗಿ ನಾನು ಕ್ಲಾಸಿನಲ್ಲಿ ಎಂದೂ ತೋರಿಸಿಕೊಟ್ಟವನಲ್ಲ.

ಜೋಡುಪದಗಳನ್ನು ಬಿಡಿಸಿ ನೋಡುವ ಅಭ್ಯಾಸ ಮಾಡಿ. ಪಾಸ್‌ಪೋರ್ಟ್ ಬಂದರು ದಾಟಲು, ಪಾಸ್‌ವರ್ಡ್ ಕಾವಲುಗಾರನನ್ನು ದಾಟಲು ಹೇಳುವ ಗುಟ್ಟಿನ ಮಾತು. ‘ಪ್ಯಾಸೆಂಜರ್’ ಪದದಲ್ಲಿ ಮೊದಲು ಆ ‘ನ’ಕಾರವೇ ಇರಲಿಲ್ಲ, ಜನರ ಬಾಯಲ್ಲಿ ನುಸುಳಿಕೊಂಡಿತು. ಬೈಪಾಸ್ ಪೇಟೆಯ ಪಕ್ಕದಿಂದ ದಾಟುವ ರಸ್ತೆ. ಹೃದಯದ ಬೈಪಾಸು ಕಟ್ಟಿಕೊಂಡ ರಕ್ತನಾಳದ ಪಕ್ಕದಿಂದ ರಕ್ತ ದಾಟಿಸುವ ದಾರಿ. ಇನ್ನು ಅಂಡರ್‌ಪಾಸ್. ತಲಪಾಡಿಯಿಂದ ಚೆಂಗಳದ ವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಲೇನಾಗತೊಡಗಿದ ಮೇಲೆ ಈ ಪದ ಕಲಿಯದ ಅಜ್ಜಿಯಂದಿರು ಉಳಿದಿಲ್ಲ. ಮೊದಲು ಚೀಲ ಹಿಡಿದು ಸೀದಾ ರಸ್ತೆ ದಾಟಿ ಅಂಗಡಿಗೆ ಹೋಗುತ್ತಿದ್ದವರು ಈಗ ಗೋಡೆಯ ಈಚೆ ನಿಂತು ಅಂಗಡಿಯನ್ನು ನೋಡುತ್ತಾರೆ. ಊರೂರಿನಲ್ಲಿ ‘ಅಂಡರ್‌ಪಾಸ್ ಬೇಕು’ ಎಂದು ಚಪ್ಪರ ಹಾಕಿ ಕೂತರು. ಕೆಳಗಿನಿಂದ ದಾಟುವ ದಾರಿ, ಅಷ್ಟೇ ಅದರ ಅರ್ಥ.

ಬರೆಯುವಾಗ ಒಂದು ಕಿರಿಕಿರಿ

‘ಪಾಸ್’ಗೆ ‘ಇ, ಡಿ’ ಸೇರಿಸಿದ ಭೂತಕಾಲದ ರೂಪ ಮತ್ತು ‘ಕಳೆದುಹೋದ, ದಾಟಿ’ ಎಂಬರ್ಥದ ‘ಪಾಸ್ಟ್’ ಎರಡರ ಉಚ್ಚಾರ ಒಂದೇ. ನಾವು ‘ಪಾಸ್ಡ್’ ಎಂದು ಬರೆಯುವುದನ್ನು ಬಾಯಿಯಲ್ಲಿ ‘ಪಾಸ್ಟ್’ ಎಂದೇ ಹೇಳಬೇಕು. ಅಮೆರಿಕದವರ ‘ಪ್ಯಾಸ್ಟ್’ ಕೇಳಿ ಗಾಬರಿಯಾಗಬೇಡಿ, ಪದ ಅದೇ.

ಬರೆಯುವಾಗ ಯಾವುದು ಎಂದು ಗೊತ್ತುಮಾಡಲು ನನ್ನ ಮಕ್ಕಳಿಗೆ ನಾನು ಹೇಳಿಕೊಟ್ಟ ಉಪಾಯ ಇಷ್ಟೆ: ಆ ಪದವನ್ನು ಬೆರಳಿನಿಂದ ಮುಚ್ಚಿ. ಉಳಿದ ವಾಕ್ಯದಲ್ಲಿ ಬೇರೆ ಕ್ರಿಯಾಪದ ಉಂಟೋ ನೋಡಿ. ‘ದ ಬಸ್ ವೆಂಟ್ ಪಾಸ್ಟ್ ದ ಟೆಂಪಲ್’ ಎಂಬಲ್ಲಿ ‘ವೆಂಟ್’ ಉಂಟು, ಆದ್ದರಿಂದ ‘ಎಸ್, ಟಿ’ ಇರುವ ಪಾಸ್ಟ್. ‘ದ ಬಸ್ ಪಾಸ್ಡ್ ದ ಟೆಂಪಲ್’ ಎಂಬಲ್ಲಿ ಮುಚ್ಚಿದರೆ ಕ್ರಿಯಾಪದವೇ ಇಲ್ಲ, ಬಸ್ಸು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ‘ಇ, ಡಿ’. ಗಡಿಯಾರಕ್ಕೆ ಯಾವಾಗಲೂ ‘ಹಾಫ್ ಪಾಸ್ಟ್ ಟೆನ್’. ಸಣ್ಣ ವಾಕ್ಯಗಳಲ್ಲಿ ಹತ್ತರಲ್ಲಿ ಒಂಬತ್ತು ಸಲ ಈ ಬೆರಳಿನ ಉಪಾಯ ಸಾಕಾಗುತ್ತದೆ.

‘ಪಾಸಬಲ್’ ಎಂಬುದನ್ನೂ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ‘ದ ರೋಡ್ ಈಸ್ ಪಾಸಬಲ್’ ಎಂದರೆ ಒಳ್ಳೆಯ ಸುದ್ದಿ, ಹೋಗಬಹುದು. ‘ಯುವರ್ ಇಂಗ್ಲಿಷ್ ಈಸ್ ಪಾಸಬಲ್’ ಎಂದರೆ ಹೇಗೋ ನಡೆಯುತ್ತದೆ ಎಂದು. ಥ್ಯಾಂಕ್ಯೂ ಹೇಳುವ ಮೊದಲು ಯೋಚಿಸಿ.

ಅಭ್ಯಾಸಕ್ಕೆ

ಒಂದು ಹಳೆಯ ನೋಟುಪುಸ್ತಕ ಸಾಕು. ದಿನಾ ನಿಮ್ಮ ಬಾಯಿಂದ ಬರುವ, ಕಿವಿಗೆ ಬೀಳುವ ‘ಪಾಸ್’ಗಳಲ್ಲಿ ಎರಡನ್ನು ಕನ್ನಡದಲ್ಲೇ ಎಡಬದಿಗೆ ಬರೆಯಿರಿ. ಬಲಬದಿಗೆ ಅದರ ಇಂಗ್ಲಿಷ್. ಬರೆಯುವ ಮೊದಲು ಮೂರು ಕಡೆ ತಡೆಯಿರಿ: ದಾಟಿದ್ದು ಯಾರು, ಬಾಲ ಯಾವುದು, ಇಂಗ್ಲಿಷಿನವರು ಇಲ್ಲಿ ಪಾಸನ್ನೇ ಬಳಸುತ್ತಾರೋ. ಇಪ್ಪತ್ತು ದಿನಕ್ಕೆ ನಲವತ್ತು ವಾಕ್ಯ. ಅದಕ್ಕಿಂತ ಹೆಚ್ಚು ಬೇಡ, ಬೇಜಾರಾಗಿ ಬಿಟ್ಟುಬಿಡುತ್ತೀರಿ.

ಸಂಜೆ ನಮ್ಮ ಚಾವಡಿಯಲ್ಲಿ ಟ್ಯೂಶನಿಗೆ ಕೂರುವ ಏಳು ಮಕ್ಕಳಿಗೆ ಇದನ್ನೇ ಮಾಡಿಸುತ್ತಿದ್ದೇನೆ. ಮೊನ್ನೆ ಒಂಬತ್ತನೆಯ ಕ್ಲಾಸಿನ ಹುಡುಗಿಯೊಬ್ಬಳು ಪುಸ್ತಕ ಮುಚ್ಚಿ ಎದ್ದು ನಿಂತು ಕೇಳಿದಳು: ‘ಮಾಷ್ಟ್ರೇ, ನಾಳೆ ದೇವಸ್ಥಾನದಲ್ಲಿ ಬಯಲಾಟ ಉಂಟು. ನಮಗೆ ರಜೆ ಪಾಸು ಮಾಡ್ತೀರಾ?’

‘ಇಂಗ್ಲಿಷಿನಲ್ಲಿ ಕೇಳು’ ಎಂದೆ.

ಅವಳು ಬಾಯಿ ತೆರೆದಳು, ಮುಚ್ಚಿದಳು, ತಲೆಯೆತ್ತಿ ಸೂರು ನೋಡಿದಳು. ಪಕ್ಕದವನು ‘ಪಾಸ್ ಅಸ್’ ಎಂದು ಪಿಸುಗುಟ್ಟಿದ್ದನ್ನು ಕೈಯಿಂದ ತಳ್ಳಿಹಾಕಿದಳು. ಮತ್ತೆ ನಿಧಾನವಾಗಿ, ‘ವಿಲ್ ಯು ಗಿವ್ ಅಸ್ ಎ ಹಾಲಿಡೇ, ಸರ್?’

ಕೊಟ್ಟೆ.